ಎಂತ ಕಳ್ಕಂಡ್ರಿ?

ಮರವಂತೆ ಬೀಚಿನಲ್ಲಿ ಬೆಳಿಗ್ಗೆ ಆರೂವರೆಗೆ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು, ಕೈಯಲ್ಲಿ ಉದ್ದ ಕೋಲಿನ ತುದಿಗೆ ತಟ್ಟೆ ಸಿಕ್ಕಿಸಿದಂಥ ಯಂತ್ರ ಹಿಡ್ಕೊಂಡು, ನೆಲಕ್ಕೆ ಇಸ್ತ್ರಿ ಹಾಕೋ ಹಾಗೆ ಆ ಕಡೆ ಈ ಕಡೆ ಆಡಿಸ್ತಾ ನಡೀತಿದ್ದರೆ ಜನ ಸುಮ್ಮನೆ ಬಿಡ್ತಾರಾ? ಮೀನಿನ ಬುಟ್ಟಿ ಹೊತ್ತು ಹೋಗ್ತಿದ್ದ ಹೆಂಗಸೊಬ್ಬರು ನಿಂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪಾಪ ಅನ್ನಿಸಿರಬೇಕು, ಹತ್ತಿರ ಬಂದು ಕೇಳಿದರು: "ಎಂತ ಕಳ್ಕಂಡ್ರಿ ಮಾರಾಯ್ರೆ?"

ಏನೂ ಕಳ್ಕೊಂಡಿಲ್ಲ, ಬೇರೆಯವರು ಕಳ್ಕೊಂಡಿದ್ದನ್ನ ಹುಡುಕ್ತಿದ್ದೀನಿ ಅಂತ ಹೇಳೋದು ಹೇಗೆ? ಹೇಳಿದರೆ ಕಳ್ಳ ಅಂದುಕೊಳ್ತಾರೆ. "ಉಂಗುರ" ಅಂದುಬಿಟ್ಟೆ. ಅವರು ಬುಟ್ಟಿ ಕೆಳಗಿಟ್ಟು ನನ್ನ ಜೊತೆ ಹತ್ತು ನಿಮಿಷ ಮರಳು ಕೆದಕಿದರು. ಇವತ್ತಿಗೂ ಆ ಸುಳ್ಳು ನೆನಪಾದರೆ ಮುಖ ಬಿಸಿಯಾಗುತ್ತೆ.

ಮೂರು ಗಂಟೆಯ ಸಂಪಾದನೆ: ಸೋಡಾ ಬಾಟಲಿ ಮುಚ್ಚಳ ಹನ್ನೊಂದು, ಬಲೆಗೆ ಕಟ್ಟುವ ಸೀಸದ ಗುಂಡು ನಾಲ್ಕು, ತುಕ್ಕು ಹಿಡಿದ ಮೊಳೆ ಲೆಕ್ಕವಿಲ್ಲದಷ್ಟು, ಎರಡು ರೂಪಾಯಿಯ ನಾಣ್ಯ ಒಂದು. ಆ ನಾಣ್ಯ ನನ್ನ ಜೇಬಿನಿಂದಲೇ ಬಿದ್ದದ್ದಿರಬಹುದು ಅಂತ ಹೆಂಡತಿಯ ಅಭಿಪ್ರಾಯ.

ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಒಂದೊಂದು ಹುಚ್ಚು. ಒಬ್ಬ ಸೈಕಲ್ ತುಳೀತಾನೆ, ಒಬ್ಬಳು ಹಕ್ಕಿ ನೋಡ್ತಾಳೆ, ಒಬ್ಬ ಮನೇಲೇ ಬ್ರೆಡ್ ಸುಡ್ತಾನೆ. ನಾನು ಲೋಹ ಹುಡುಕೋ ಯಂತ್ರ ತರಿಸಿಕೊಂಡೆ. ಬೀಚು ಬರೀ ಅಭ್ಯಾಸಕ್ಕೆ. ಅಸಲು ಕಾರಣ ಬೇರೆ ಇತ್ತು, ಅದು ಕ್ಯಾಸಂಬಳ್ಳಿಯ ನಮ್ಮ ಅಜ್ಜಿಯ ಹೊಲದಲ್ಲಿತ್ತು. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಬೀಚು ಕಲಿಸಿದ ಪಾಠ. ಈ ಯಂತ್ರದ ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿಗಳಿರುತ್ತವೆ. ಒಂದರಲ್ಲಿ ಕರೆಂಟು ಹಿಂದೆ ಮುಂದೆ ಓಡಾಡಿ ನೆಲದೊಳಕ್ಕೆ ಕಾಂತಕ್ಷೇತ್ರ ಇಳಿಸುತ್ತೆ. ಅಲ್ಲಿ ಲೋಹ ಇದ್ದರೆ ಅದರೊಳಗೂ ಪುಟ್ಟ ಕರೆಂಟು ಸುತ್ತಾಡತೊಡಗಿ, ಅದು ತನ್ನದೇ ಕ್ಷೇತ್ರ ವಾಪಸ್ ಕಳಿಸುತ್ತೆ. ಆ ಉತ್ತರವನ್ನು ಇನ್ನೊಂದು ಸುರುಳಿ ಕೇಳಿಸಿಕೊಂಡು 'ಟುಯ್' ಅನ್ನುತ್ತೆ. ಇಷ್ಟೇ. ಆದರೆ ಉಪ್ಪುನೀರೂ ಕರೆಂಟು ಹರಿಸುತ್ತಲ್ಲ! ಒದ್ದೆ ಮರಳಿನ ಮೇಲೆ ಹೋದ ತಕ್ಷಣ ಇಡೀ ಅರಬ್ಬೀ ಸಮುದ್ರವೇ ಚಿನ್ನ ಅಂತ ನನ್ನ ಯಂತ್ರ ಕೂಗಿಕೊಳ್ಳತೊಡಗಿತು. ಬೀಚಿಗೆ ಅಂತಲೇ ಬೇರೆ ನಮೂನೆಯ, ದುಬಾರಿ ಯಂತ್ರಗಳಿವೆಯಂತೆ. ನನ್ನದು ಅಗ್ಗದ್ದು.

ಸುಳ್ಳು ಸದ್ದಿನ ಈ ರೋಗ ಯಂತ್ರದಷ್ಟೇ ಹಳೇದು. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡೇಟು ಬಿತ್ತು. ಗುಂಡು ದೇಹದೊಳಗೆ ಎಲ್ಲಿದೆ ಅಂತ ಗೊತ್ತಾಗಲಿಲ್ಲ, ಎಕ್ಸ್‌ರೇ ಇನ್ನೂ ಹುಟ್ಟಿರಲಿಲ್ಲ. ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದೇ ಸುರುಳಿಯ ತತ್ವದ ಮೇಲೆ ಒಂದು ಉಪಕರಣ ಕಟ್ಟಿಕೊಂಡು ಶ್ವೇತಭವನಕ್ಕೆ ಹೋದ. ಮೈಯಲ್ಲಿ ಹಳೇ ಯುದ್ಧದ ಗುಂಡು ಉಳಿದಿದ್ದ ಸೈನಿಕರ ಮೇಲೆ ಪರೀಕ್ಷೆ ಮಾಡಿ ನೋಡಿದ್ದ, ಕೆಲಸ ಮಾಡಿತ್ತು. ಅಧ್ಯಕ್ಷರ ಮೈಮೇಲೆ ಮಾತ್ರ ಎಲ್ಲಿಟ್ಟರೂ ಸದ್ದು! ಹಾಸಿಗೆಯೊಳಗೆ ಉಕ್ಕಿನ ಸ್ಪ್ರಿಂಗುಗಳಿದ್ದವು ಅನ್ನೋದು ಆಮೇಲೆ ತಿಳಿಯಿತು. ಸಾಲದ್ದಕ್ಕೆ ಗುಂಡು ಬಲಗಡೆಗೇ ಇದೆ ಅಂತ ನಂಬಿದ್ದ ದೊಡ್ಡ ಡಾಕ್ಟರು ಎಡಗಡೆ ಹುಡುಕಲು ಬಿಡಲೇ ಇಲ್ಲ. ಗುಂಡು ಎಡಗಡೆ ಇತ್ತು. ಸೆಪ್ಟೆಂಬರಿನಲ್ಲಿ ಗಾರ್‌ಫೀಲ್ಡ್ ತೀರಿಕೊಂಡರು.

ಆಮೇಲೆ 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗೆರ್ಹಾರ್ಡ್ ಫಿಶರ್ ಎಂಬಾತ ಕೈಯಲ್ಲಿ ಹಿಡಿದು ನಡೆಯುವಂಥ ಯಂತ್ರಕ್ಕೆ ಪೇಟೆಂಟ್ ಪಡೆದ. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಯೂಝೆಫ್ ಕೊಸಾಟ್ಸ್ಕಿ ನೆಲಬಾಂಬು ಹುಡುಕುವ ಯಂತ್ರ ರೂಪಿಸಿದ, ಅದು 1942ರಲ್ಲಿ ಎಲ್ ಅಲಮೇನ್ ಮರುಭೂಮಿಯಲ್ಲಿ ಬಳಕೆಗೆ ಬಂತು. ಯುದ್ಧ ಮುಗಿದ ಮೇಲೆ ಮಿಕ್ಕ ಯಂತ್ರಗಳು ಅಗ್ಗಕ್ಕೆ ಸಿಕ್ಕವು. ಜನರ ಕೈಗೆ ಯಂತ್ರ, ಭಾನುವಾರ, ಬೀಚು ಮೂರೂ ಒಟ್ಟಿಗೆ ಸಿಕ್ಕಿದ ಮೇಲೆ ಹವ್ಯಾಸ ಹುಟ್ಟೋದು ಎಷ್ಟು ಹೊತ್ತು?

ಇಂಗ್ಲೆಂಡಿನಲ್ಲಿ ಇದು ದೊಡ್ಡ ಸಂಗತಿ. 2009ರಲ್ಲಿ ಸ್ಟಾಫರ್ಡ್‌ಶೈರಿನ ಹೊಲವೊಂದರಲ್ಲಿ ಒಬ್ಬ ಹವ್ಯಾಸಿಗೆ ಆಂಗ್ಲೋ-ಸ್ಯಾಕ್ಸನ್ ಕಾಲದ ಚಿನ್ನದ ರಾಶಿ ಸಿಕ್ಕಿತು. ಅದರ ಬೆಲೆ 32 ಲಕ್ಷ 85 ಸಾವಿರ ಪೌಂಡು ಅಂತ ಕಟ್ಟಿ, ಹೊಲದ ಮಾಲೀಕನಿಗೂ ಹುಡುಕಿದವನಿಗೂ ಹಂಚಿದರು. ನಮ್ಮಲ್ಲಿ ಕಥೆ ಬೇರೆ. ಬ್ರಿಟಿಷರು 1878ರಲ್ಲೇ ನಿಧಿ ಕಾಯ್ದೆ ಮಾಡಿಟ್ಟರು: ನೆಲದಲ್ಲಿ ಹುದುಗಿದ್ದು ಹತ್ತು ರೂಪಾಯಿಗಿಂತ ಬೆಲೆಯುಳ್ಳದ್ದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. ಅದರ ಮೇಲೆ 1972ರ ಪ್ರಾಚ್ಯವಸ್ತು ಕಾಯ್ದೆ. ಯಂತ್ರ ಕೊಳ್ಳುವ ಮುಂಚೆ ಇದನ್ನೆಲ್ಲ ಓದಿಕೊಂಡೆ ಅಂತ ಹೇಳಿಕೊಳ್ಳೋ ಆಸೆ ನನಗೂ ಇದೆ. ಕೊಂಡ ಮೇಲೆ ಓದಿದ್ದು.

ತಮಾಷೆ ಏನಂದ್ರೆ, ನಮ್ಮೂರಿನ ದೊಡ್ಡ ದೊಡ್ಡ ಪತ್ತೆಗಳೆಲ್ಲ ಯಂತ್ರವಿಲ್ಲದೆ, ಹುಡುಕದೇ ಇದ್ದಾಗ ಆದವು. 1891ರಲ್ಲಿ ಯಶವಂತಪುರದ ಹತ್ತಿರ ನೆಲ ಅಗೆಯುವಾಗ ರೋಮನ್ ಚಕ್ರವರ್ತಿಗಳ 163 ಬೆಳ್ಳಿ ನಾಣ್ಯಗಳು ಸಿಕ್ಕವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ಮತ್ತೆ 256. ನೀವು ದಿನಾ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಬೈಯುವ ಜಾಗಗಳೇ ಇವು. ಅಗಸ್ಟಸ್ ಚಕ್ರವರ್ತಿಯ ಮುಖವಿದ್ದ ನಾಣ್ಯ ಎರಡು ಸಾವಿರ ವರ್ಷ ಅಲ್ಲೇ, ನಮಗಿಂತ ಹೆಚ್ಚು ತಾಳ್ಮೆಯಿಂದ ಕಾದಿತ್ತು.

ಈಗ ಕ್ಯಾಸಂಬಳ್ಳಿ. ಬಂಗಾರಪೇಟೆ ತಾಲ್ಲೂಕಿನಲ್ಲಿದ್ದ ಹೋಬಳಿ, ಈಗ ಕೆಜಿಎಫ್ ತಾಲ್ಲೂಕು. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರ ಹೆಸರಿನ ಮೊದಲ 'ಕೆ' ಅಂದರೆ ಕ್ಯಾಸಂಬಳ್ಳಿ. ಇದನ್ನು ನಮ್ಮ ಊರಿನವರು ಪರಿಚಯವಾದ ಐದನೇ ನಿಮಿಷದೊಳಗೆ ಹೇಳಿಬಿಡ್ತಾರೆ, ನಾನೂ ಹೇಳಿಬಿಟ್ಟೆ. ಆಂಧ್ರ ಒಂದು ಕಡೆ, ತಮಿಳುನಾಡು ಇನ್ನೊಂದು ಕಡೆ. ಒಂದೇ ವಾಕ್ಯದಲ್ಲಿ ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿ ತಮಿಳಿನಲ್ಲಿ ಬೈಯಬಲ್ಲ ಜನ.

ನಮ್ಮಜ್ಜಿಯ ಬಲಗಿವಿಯ ಓಲೆ ಅಲ್ಲಿನ ಹೊಲದಲ್ಲಿ ಕಳೆದುಹೋಗಿತ್ತು. ಕಡಲೆಕಾಯಿ ಕೀಳುವಾಗ ಬಿದ್ದುಹೋಯಿತು ಅಂತ ನಾವೆಲ್ಲ ಕೇಳಿಕೊಂಡು ಬಂದ ಕಥೆ. ತಾತ ಒಂದು ವಾರ ಆ ಸಾಲುಗಳ ಮಣ್ಣನ್ನು ಜರಡಿ ಹಿಡಿದರಂತೆ. ಸಿಗಲಿಲ್ಲ. ಆಮೇಲೆ ಅಜ್ಜಿ ಎಡಗಿವಿಯದ್ದನ್ನೂ ತೆಗೆದಿಟ್ಟು ಬೇವಿನಕಡ್ಡಿ ಸಿಕ್ಕಿಸಿಕೊಂಡರು. ನಾನು ಅಜ್ಜಿಯನ್ನು ಓಲೆ ಹಾಕಿಕೊಂಡು ನೋಡಿದ್ದು ಒಂದು ಫೋಟೋದಲ್ಲಿ ಮಾತ್ರ. ಯಂತ್ರ ಬಂದ ದಿನವೇ ನನ್ನ ತಲೆಯಲ್ಲಿ ಸಿನಿಮಾ ಓಡಿತ್ತು: 'ಟುಯ್' ಅನ್ನುತ್ತೆ, ಅಗೀತೀನಿ, ಅಜ್ಜಿಯ ಕೈಗಿಡ್ತೀನಿ, ಹಿನ್ನೆಲೆ ಸಂಗೀತ.

ಹೊರಡೋ ಮುಂಚೆ ಆ ಕಡೆಯ ಹಳೇ ಚಿನ್ನ ಹುಡುಕಾಟಗಳ ಬಗ್ಗೆ ಓದೋಣ ಅಂತ ಕೂತೆ. ಆಗ ಸಿಕ್ಕವನು ಜಾನ್ ವಾರೆನ್.

ಫ್ರೆಂಚ್ ಮನೆತನದ ಈ ಮನುಷ್ಯ ಬ್ರಿಟಿಷರ 33ನೇ ರೆಜಿಮೆಂಟಿನಲ್ಲಿ ಲೆಫ್ಟಿನೆಂಟ್. ಟಿಪ್ಪು ಬಿದ್ದ ಮೇಲೆ ಮೈಸೂರಿನ ಪೂರ್ವ ಗಡಿ ಅಳೆಯುವ ಕೆಲಸಕ್ಕೆ 1802ರಲ್ಲಿ ಕೋಲಾರದ ಕಡೆ ಬಂದ. ಹೈದರಾಲಿ ಹುಟ್ಟಿದ ಬೂದಿಕೋಟೆಯ ಪೂರ್ವಕ್ಕಿರುವ ಗುಡ್ಡದ ಸುತ್ತ ಮಣ್ಣಿನಲ್ಲಿ ಚಿನ್ನ ಸಿಗುತ್ತಂತೆ ಅನ್ನೋ ಗಾಳಿಸುದ್ದಿ ಅವನ ಕಿವಿಗೆ ಬಿತ್ತು. ಆ ಗುಡ್ಡದ ಸಾಲಿಗೆ ಎರ್ರಕೊಂಡ ಅಂತಾರೆ, ತೆಲುಗಿನಲ್ಲಿ ಕೆಂಪು ಗುಡ್ಡ. ವಾರೆನ್ ಮಾಡಿದ್ದು ಬಹಳ ಸರಳ ಕೆಲಸ. ಚಿನ್ನ ತೋರಿಸಿದವರಿಗೆ ಬಹುಮಾನ ಕೊಡ್ತೀನಿ ಅಂದ. ಊರಿಗಾಂ ಕಡೆಯ ಜನ ಗಾಡಿಗಟ್ಟಲೆ ಮಣ್ಣು ತಂದು ಸುರಿದರು. ಅವನ ಕಣ್ಣೆದುರೇ ಆ ಮಣ್ಣನ್ನು ನೀರಿನಲ್ಲಿ ತೊಳೆದರು. ತಳದಲ್ಲಿ ಚಿನ್ನದ ಕಣಗಳು ಮಿನುಗಿದವು.

ಮಾರಿಕುಪ್ಪಂ ಕಡೆ ಇನ್ನೂ ಹೆಚ್ಚಿನದು ಕಂಡ. ಅಲ್ಲಿ ಜನ ಮಣ್ಣು ತೊಳೆಯುವುದಷ್ಟೇ ಅಲ್ಲ, ಬಾವಿಯಂತೆ ಗುಂಡಿ ತೋಡಿ ಹತ್ತಾರು ಅಡಿ ಕೆಳಗಿಳಿದು ಕಲ್ಲು ತೆಗೀತಿದ್ದರು. ಬುಟ್ಟಿಗಳಲ್ಲಿ ಕೈಯಿಂದ ಕೈಗೆ ಕಲ್ಲು ಮೇಲೆ ಬರೋದು. ಮೇಲೆ ಹೆಂಗಸರು ಅದನ್ನು ಬಂಡೆಯ ಮೇಲಿಟ್ಟು ಕುಟ್ಟಿ ಪುಡಿಮಾಡಿ, ನೀರಿನಲ್ಲಿ ತೊಳೆಯೋದು. ಇಳಿಯುತ್ತಿದ್ದವರು ಊರಿನ ಹೊರಗೆ ಇರಬೇಕಾಗಿದ್ದ ಜಾತಿಗಳವರು.

ಈ ತೊಳೆಯುವ ಕಲೆ ಏನು ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ, ಅಜ್ಜಿಯರು ಮೊರ ಹಿಡಿದದ್ದನ್ನು ನೋಡಿದವರಿಗೆಲ್ಲ ಗೊತ್ತು. ಮೊರದಲ್ಲಿ ಕೇರುವಾಗ ಜೊಳ್ಳು ಹಾರುತ್ತೆ, ಕಾಳು ಉಳಿಯುತ್ತೆ. ಇಲ್ಲಿ ಗಾಳಿಯ ಬದಲು ನೀರು, ಮೊರದ ಬದಲು ಮರದ ತಟ್ಟೆ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಬೆಣಚುಕಲ್ಲು ಎರಡೂವರೆ ಪಟ್ಟು ಚಿಲ್ಲರೆ. ಕೈಯ ಒಂದು ತಿರುವು, ನೀರಿನ ಒಂದು ಅಲೆ, ಹಗುರದ್ದು ಅಂಚು ದಾಟಿ ಹೋಗುತ್ತೆ. ಬೀಚಿನಲ್ಲಿ ಸಮುದ್ರ ಮಾಡೋದೂ ಇದನ್ನೇ. ಬಿರುಗಾಳಿಯ ಮಾರನೇ ದಿನ ಭಾರದ ಕಪ್ಪು ಮರಳು, ಸೀಸದ ಗುಂಡು, ಯಾರದೋ ಉಂಗುರ ಎಲ್ಲ ಒಂದೇ ಗೆರೆಯಲ್ಲಿ ಬಂದು ಕೂತಿರುತ್ತವೆ ಅಂತ ಅನುಭವಿಗಳು ಹೇಳ್ತಾರೆ. ನಾನು ಆ ಗೆರೆ ಬಿಟ್ಟು ಉಳಿದೆಲ್ಲ ಕಡೆ ನಡೆದಿದ್ದೆ.

ಉತ್ತರ ಕರ್ನಾಟಕದ ಕಪ್ಪತಗುಡ್ಡದ ಹಳ್ಳಗಳಲ್ಲೂ ಹೀಗೆ ಮರಳು ತೊಳೆದು ಚಿನ್ನ ತೆಗೆಯುವವರಿದ್ದರು. 1870ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಅವರನ್ನು ಕಂಡು ಬರೆದಿದ್ದಾನೆ. ಅವರಿಗೆ ಜಲಗಾರರು ಅನ್ನುತ್ತಿದ್ದರು. ಅದೇ ಪದ ಕನ್ನಡದಲ್ಲಿ ಕಸ ಗುಡಿಸುವವನಿಗೂ ಇದೆ, ಕುವೆಂಪು 'ಜಲಗಾರ' ಅಂತ ನಾಟಕ ಬರೆದದ್ದು ಆ ಅರ್ಥದಲ್ಲಿ. ಅಕ್ಕಸಾಲಿಗರ ಬೀದಿಯಲ್ಲಿ ನಸುಕಿನಲ್ಲೇ ಬಂದು ಅಂಗಡಿ ಮುಂದಿನ ಧೂಳು ಗುಡಿಸಿ, ಮನೆಗೆ ಒಯ್ದು ತೊಳೆದು ಚಿನ್ನದ ಪುಡಿ ಹುಡುಕುವವರನ್ನು ನೋಡಿದರೆ ಆ ಎರಡು ಅರ್ಥ ಒಂದೇ ಪದದಲ್ಲಿ ಹೇಗೆ ಕೂತವು ಅಂತ ಕೇಳಬೇಕು ಅನ್ನಿಸೋದಿಲ್ಲ.

ವಾರೆನ್ ತನ್ನ ವರದಿ ಕೊಟ್ಟ, ಆಮೇಲೆ ಮದರಾಸಿನ ವೀಕ್ಷಣಾಲಯದ ಮುಖ್ಯಸ್ಥನಾದ, ನಮ್ಮ ಪಂಚಾಂಗಗಳ ಲೆಕ್ಕಾಚಾರದ ಮೇಲೆ 'ಕಾಲ ಸಂಕಲಿತ' ಅಂತ ದಪ್ಪ ಪುಸ್ತಕವನ್ನೂ ಬರೆದ. ಇತಿಹಾಸದ ಪುಸ್ತಕಗಳಲ್ಲಿ ಕೋಲಾರದ ಚಿನ್ನ 'ಪತ್ತೆ ಮಾಡಿದವನು' ಅಂತ ಅವನ ಹೆಸರಿದೆ. ನನಗೆ ಇದರ ಮೇಲೆ ಸ್ವಲ್ಪ ಜಗಳ ಇದೆ. ಅವನು ಪತ್ತೆ ಮಾಡಿದ್ದು ಚಿನ್ನವನ್ನಲ್ಲ, ಚಿನ್ನ ಗೊತ್ತಿದ್ದ ಜನರನ್ನ. ಅವನ ಡಿಟೆಕ್ಟರು ಊರಿಗಾಂನ ಹೆಂಗಸರು. ಅವರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ.

ಎಪ್ಪತ್ತು ವರ್ಷ ಆ ವರದಿ ಧೂಳು ತಿಂದಿತು. 1871ರ ಹೊತ್ತಿಗೆ ಮೈಕಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ ಎಂಬ ಐರಿಷ್ ಸೈನಿಕ ನ್ಯೂಜಿಲೆಂಡಿನ ಮಾವೋರಿ ಯುದ್ಧ ಮುಗಿಸಿ ಬೆಂಗಳೂರು ದಂಡಿನಲ್ಲಿ ಬಂದು ನೆಲೆಸಿದ್ದ. ಹೌದು, ನೀವು ಮುನ್ನೂರು ರೂಪಾಯಿ ಕೊಟ್ಟು ಕಾಫಿ ಕುಡಿಯೋ ಲ್ಯಾವೆಲ್ ರೋಡಿನ ಲ್ಯಾವೆಲ್ಲೇ. ನ್ಯೂಜಿಲೆಂಡಿನಲ್ಲಿ ಚಿನ್ನದ ಹುಚ್ಚು ಏನು ಅಂತ ಕಣ್ಣಾರೆ ಕಂಡು ಬಂದವನು. ಕೈಯಲ್ಲಿ ಕೆಲಸವಿಲ್ಲ, ಓದಲು ಹಳೇ ಪತ್ರಿಕೆಗಳಿವೆ. ವಾರೆನ್ನನ ಬರಹ ಕಣ್ಣಿಗೆ ಬಿತ್ತು. ಎತ್ತಿನ ಗಾಡಿ ಕಟ್ಟಿಸಿಕೊಂಡು ಸುಮಾರು ನೂರು ಕಿಲೋಮೀಟರು ಕೋಲಾರದ ಕಡೆ ಹೊರಟುಬಿಟ್ಟ.

ನನಗೆ ಈ ಲ್ಯಾವೆಲ್ ಬಗ್ಗೆ ಅಕ್ಕರೆ. ಯಾಕಂದ್ರೆ ಅವನು ನಮ್ಮ ಪಂಗಡದವನು, ಭೂವಿಜ್ಞಾನಿಯೂ ಅಲ್ಲ, ಸಾಹುಕಾರನೂ ಅಲ್ಲ, ಶುದ್ಧ ಹವ್ಯಾಸಿ. ಎರಡು ವರ್ಷ ಸುತ್ತಾಡಿ, 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. ಇಲ್ಲಿ ಚಿನ್ನ ಲಾಭಕ್ಕೆ ಸಿಗೋದಿಲ್ಲ ಅಂತ ಅಧಿಕಾರಿಗಳ ನಂಬಿಕೆ. ಕೊನೆಗೆ 1875ರ ಫೆಬ್ರವರಿ 2ರಂದು 20 ವರ್ಷದ ಗುತ್ತಿಗೆ ಸಿಕ್ಕಿತು. ಊರಿಗಾಂ ಹತ್ತಿರ ಗುಂಡಿ ತೋಡಿಸಿದ. ಆಮೇಲೆ ಎಲ್ಲ ಹವ್ಯಾಸಿಗಳಿಗೂ ಆಗೋದೇ ಆಯಿತು: ದುಡ್ಡು ಖಾಲಿ. 1877ರ ಹೊತ್ತಿಗೆ ತನ್ನ ಹಕ್ಕನ್ನು ಬೆರೆಸ್‌ಫರ್ಡ್ ಮುಂತಾದ ಸೇನಾಧಿಕಾರಿಗಳ ಕೂಟಕ್ಕೆ ಬಿಟ್ಟುಕೊಟ್ಟ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು.

ಅವರಿಗೂ ಸುಲಭಕ್ಕೆ ಸಿಗಲಿಲ್ಲ. ಮೈಸೂರು ಮೈನ್ ಕಂಪನಿ ಷೇರುದಾರರ ದುಡ್ಡೆಲ್ಲ ನೀರಾಗಿ, ಇನ್ನೇನು ಬಾಗಿಲು ಹಾಕಬೇಕು ಅನ್ನುವಾಗ, ಕ್ಯಾಪ್ಟನ್ ಪ್ಲಮರ್ ಎಂಬ ಗಣಿಗಾರ ಒಂದು ಸಂಗತಿ ಗಮನಿಸಿದ. ಹಳೇ ಕಾಲದವರು ತೋಡಿದ ಗುಂಡಿಗಳು ಒಂದೇ ಸಾಲಿನಲ್ಲಿವೆಯಲ್ಲ! ಅವರು ನಿಲ್ಲಿಸಿದ ಕಡೆಯಿಂದ ಕೆಳಕ್ಕೆ ಹೋದ. 1880ರ ದಶಕದ ಮಧ್ಯದಲ್ಲಿ ಚಾಂಪಿಯನ್ ಲೋಡ್ ಸಿಕ್ಕಿತು. ಮತ್ತೆ ಅದೇ ಕಥೆ, ಹೆಸರಿಲ್ಲದವರು ತೋಡಿಟ್ಟ ಗುಂಡಿಯೇ ದಾರಿ ತೋರಿಸಿದ್ದು.

ಅಲ್ಲಿಂದ ಮುಂದಿನದು ನಿಮಗೆ ಗೊತ್ತಿರೋ ಕೆಜಿಎಫ್. ಸಿನಿಮಾದ್ದಲ್ಲ, ಅಸಲಿದು. ವಾರೆನ್ ಮಣ್ಣು ತೊಳೆಸಿ ಸರಿಯಾಗಿ ನೂರು ವರ್ಷಕ್ಕೆ, 1902ರ ಜೂನ್ 30ರಂದು, ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ತಂತಿ ಎಳೆದು ಗಣಿಗೆ ವಿದ್ಯುತ್ ಕೊಟ್ಟರು. (ಕೆ.ಸಿ. ರೆಡ್ಡಿಯವರು ಕ್ಯಾಸಂಬಳ್ಳಿಯಲ್ಲಿ ಹುಟ್ಟಿದ್ದೂ ಅದೇ ವರ್ಷದ ಮೇ ತಿಂಗಳಲ್ಲಿ. ನಮ್ಮೂರಿಗೆ ಕರೆಂಟು ಬರಲು ಎಷ್ಟೋ ವರ್ಷ ಕಾಯಬೇಕಾಯಿತು, ಅದು ಬೇರೆ.) ಗಣಿ ಕೊನೆಗೆ 3 ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಒತ್ತಡಕ್ಕೆ ಬಂಡೆಗಳು ಸಿಡಿದು ಸತ್ತವರು, ಕಲ್ಲಿನ ಪುಡಿ ಉಸಿರಾಡಿ ಸಿಲಿಕೋಸಿಸ್ಸಿಗೆ ಸತ್ತವರು. ಚಿನ್ನ ಕದೀತಾರೆ ಅಂತ ದಿನವೂ ತಪಾಸಣೆ. 1930ರಲ್ಲಿ ಬೆರಳಚ್ಚು ಕೊಡಲೇಬೇಕು ಅಂದಾಗ ಕಾರ್ಮಿಕರು ಮುಷ್ಕರ ಹೂಡಿದರು, 21 ದಿನ ನಡೀತು. ನಾವು ಇವತ್ತು ಆಫೀಸಿನ ಬಾಗಿಲಲ್ಲಿ ಯೋಚಿಸದೇ ಬೆರಳೊತ್ತಿ ಒಳಗೆ ಹೋಗ್ತೀವಿ.

ಒಂದು ಲೆಕ್ಕ ಹೇಳ್ತೀನಿ. ಎಲ್ಲ ಸೇರಿ ಸುಮಾರು 5 ಕೋಟಿ ಟನ್ ಕಲ್ಲು ಅರೆದು 800 ಟನ್ ಚಿನ್ನ ತೆಗೆದರು ಅಂತ ಅಂದಾಜು. ಅಂದರೆ ಒಂದು ಟನ್ ಕಲ್ಲಿಗೆ 16 ಗ್ರಾಮು, ಎರಡು ಸವರನ್. ಅಜ್ಜಿಯ ಒಂದು ಓಲೆ ನಾಲ್ಕು ಗ್ರಾಮು ಅಂತ ಇಟ್ಟುಕೊಂಡರೂ ಕಾಲು ಟನ್ ಬಂಡೆ ಪುಡಿಯಾಗಬೇಕು. ಈ ಚಿನ್ನ ಬೆಣಚುಕಲ್ಲಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಹರಡಿಕೊಂಡಿರುತ್ತೆ. ನನ್ನ ಯಂತ್ರವನ್ನು ಕೆಜಿಎಫ್‌ನ ಅದಿರಿನ ಗುಡ್ಡೆ ಮೇಲೇ ಇಟ್ಟರೂ ಅದು ಚಿನ್ನಕ್ಕೆ ಬಾಯಿಬಿಡೋದಿಲ್ಲ. ಬದಲಿಗೆ ಎರ್ರಕೊಂಡದ ಕಬ್ಬಿಣದ ಕಲ್ಲಿಗೆ ಕೂಗಿಕೊಳ್ಳುತ್ತೆ. ಗುಡ್ಡ ಕೆಂಪಾಗಿರೋದೇ ಆ ಕಬ್ಬಿಣದಿಂದ.

ಕೆಜಿಎಫ್‌ನಲ್ಲಿ ಒಂದು ಡಿಟೆಕ್ಟರು ಮಾತ್ರ ನಿಜಕ್ಕೂ ಗೆದ್ದಿತು, ಅದು ಹುಡುಕಿದ್ದು ಚಿನ್ನವನ್ನಲ್ಲ. ನಂಜನಗೂಡು ಕಡೆಯವರಾದ ಬಿ.ವಿ. ಶ್ರೀಕಂಠನ್ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅವರ ಗೆಳೆಯರು 1950ರ ದಶಕದಿಂದಲೇ ಕಾಸ್ಮಿಕ್ ಕಿರಣಗಳನ್ನು ಅಳೆಯಲು ಗಣಿಗೆ ಇಳಿಯುತ್ತಿದ್ದರು. 1965ರಲ್ಲಿ ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರು ಆಳದಲ್ಲಿ ಉಪಕರಣ ಇಟ್ಟು, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು ಜಗತ್ತಿನಲ್ಲೇ ಮೊದಲ ಸಾಲಿನಲ್ಲಿ ಪತ್ತೆ ಮಾಡಿದರು. ಅಷ್ಟು ಆಳ ಯಾಕೆ? ಮೇಲಿನ ಗದ್ದಲ ಕೇಳಿಸಬಾರದು ಅಂತ. ಉಳಿದ ಕಣಗಳನ್ನೆಲ್ಲ ಬಂಡೆ ತಡೆಯುತ್ತೆ, ನ್ಯೂಟ್ರಿನೋ ಮಾತ್ರ ದಾಟಿ ಬರುತ್ತೆ. ಗಾರ್‌ಫೀಲ್ಡನ ಹಾಸಿಗೆಯ ಸ್ಪ್ರಿಂಗುಗಳನ್ನು ಮೊದಲೇ ತೆಗೆದಿಟ್ಟ ಹಾಗೆ.

1956ರಲ್ಲಿ ಗಣಿ ರಾಷ್ಟ್ರೀಕರಣ ಆಯಿತು, 1972ರಲ್ಲಿ ಬಿಜಿಎಂಎಲ್ ಆಯಿತು, 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಈಗ ಬೆಳಗಿನ ರೈಲುಗಳಲ್ಲಿ ಮಾರಿಕುಪ್ಪಂ, ಬಂಗಾರಪೇಟೆಯಿಂದ ಸಾವಿರಾರು ಜನ ನಿಂತುಕೊಂಡೇ ಬೆಂಗಳೂರಿಗೆ ಬರ್ತಾರೆ. ನಮ್ಮ ಆಫೀಸುಗಳ ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಕೆಲವು ಸಲ ಪಕ್ಕದ ಮೇಜಿನವರು. ಊರಲ್ಲಿ ಉಳಿದಿರೋದು ಹದಿಮೂರು ಸೈನೈಡ್ ದಿಬ್ಬಗಳು, ಚಿನ್ನ ತೆಗೆದ ಮೇಲೆ ಮಿಕ್ಕ ಪುಡಿಯ ಬೆಟ್ಟಗಳು. ಮೂರು ಕೋಟಿ ಟನ್ನಿಗೂ ಹೆಚ್ಚು. ಗಾಳಿ ಜೋರಾದ ದಿನ ಆ ಪುಡಿ ಮನೆಯೊಳಗಿನ ಅನ್ನದ ತಟ್ಟೆಗೂ ಬರುತ್ತೆ. ಅದರಲ್ಲಿ ಟನ್ನಿಗೆ ಒಂದು ಗ್ರಾಮಿನ ಆಸುಪಾಸು ಚಿನ್ನ ಇನ್ನೂ ಇದೆ, ತೆಗೆಯಬಹುದು ಅಂತ ಮಾತುಕತೆ ನಡೆಯುತ್ತಲೇ ಇದೆ.

ಮಾತುಕತೆಗೆ ಕಾಯದವರೂ ಇದ್ದಾರೆ. 2020ರ ಮೇ ತಿಂಗಳು, ಲಾಕ್‌ಡೌನ್ ಕಾಲ, ಮಾರಿಕುಪ್ಪಂನಲ್ಲಿ ಮುಚ್ಚಿದ ಗಣಿಯೊಳಕ್ಕೆ ರಾತ್ರಿ ಇಳಿದವರಲ್ಲಿ ಮೂವರು ಉಸಿರುಗಟ್ಟಿ ಸತ್ತರು. ಪತ್ರಿಕೆಗಳು 'ಕಳ್ಳರು' ಅಂತ ಬರೆದವು. ಇರಬಹುದು, ಕಾನೂನಿನ ಪ್ರಕಾರ ಹೌದು. ವಾರೆನ್ ಕಂಡದ್ದೂ ಅದೇ ಮಾರಿಕುಪ್ಪಂ, ಅದೇ ಇಳಿಯುವಿಕೆ, ಅದೇ ಬುಟ್ಟಿ. ಅವನು ಬಹುಮಾನ ಕೊಟ್ಟಿದ್ದ.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ಒಂದು ಶನಿವಾರ ಕ್ಯಾಸಂಬಳ್ಳಿಗೆ ಹೋದೆ. ಮಾವ ಯಂತ್ರವನ್ನು ಒಂದು ಸುತ್ತು ನೋಡಿ, "ಬೋರ್‌ವೆಲ್ ಪಾಯಿಂಟ್ ತೋರಿಸ್ತೈತಾ ಇದು?" ಅಂದರು. ಇಲ್ಲ ಅಂದದ್ದಕ್ಕೆ ಆಸಕ್ತಿ ಕಳಕೊಂಡರು. ನಮ್ಮ ಕಡೆ ನೆಲದೊಳಗಿನ ಬೆಲೆಬಾಳುವ ವಸ್ತು ಅಂದರೆ ನೀರು. ಸಾವಿರ ಅಡಿ, ಸಾವಿರದಿನ್ನೂರು ಅಡಿ ಕೊರೀತಾರೆ. ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡು ಪಾಯಿಂಟ್ ನೋಡುವವರಿಗೆ ನನ್ನ ಯಂತ್ರಕ್ಕಿಂತ ಹೆಚ್ಚು ಮರ್ಯಾದೆ.

ಹೊಲಕ್ಕೆ ಹಗ್ಗ ಎಳೆದು ಸಾಲು ಮಾಡಿಕೊಂಡು, ಎರಡು ದಿನ ನಡೆದೆ. ಮೊದಲ ದಿನ ಕುಡುಗೋಲಿನ ತುಂಡು, ಪಂಪ್‌ಸೆಟ್ಟಿನ ನಟ್ಟು, ಬೀಡಿಪೊಟ್ಟಣದ ತಗಡಿನ ಡಬ್ಬಿ. ಎರಡನೇ ದಿನ ಮಧ್ಯಾಹ್ನ ಬದುವಿನ ಹತ್ತಿರ ಗಟ್ಟಿ ಸದ್ದು. ಒಂದು ಗೇಣು ಅಗೆದೆ. ಮಣ್ಣು ಕಚ್ಚಿಕೊಂಡ ಚಪ್ಪಟೆ ಕಬ್ಬಿಣ, ಅರ್ಧಚಂದ್ರದ ಹಾಗೆ. ಎತ್ತಿನ ಲಾಳ. ಎತ್ತಿನ ಗೊರಸು ಎರಡು ಸೀಳು ಇರೋದರಿಂದ ಲಾಳವೂ ಅರ್ಧರ್ಧ. ಲ್ಯಾವೆಲ್ಲನ ಗಾಡಿಯ ಎತ್ತಿನದು ಅಂತ ನಂಬೋಕೆ ನಾನು ರೆಡಿ ಇದ್ದೆ. ಮಾವ ನೋಡಿ, ಅವರ ಅಪ್ಪ ಕೆಜಿಎಫ್ ಕಾಲೊನಿಗಳಿಗೆ ಮೇವು, ತರಕಾರಿ ಹೊಡೀತಿದ್ದ ಗಾಡಿಯದು ಅಂದರು.

ಲಾಳ ತೊಳೆದು ಅಜ್ಜಿಯ ಮುಂದಿಟ್ಟೆ. ಕೈಯಲ್ಲಿ ಹಿಡಿದು ಬಹಳ ಹೊತ್ತು ಸವರಿದರು.

"ಓಲೆ ಸಿಗಲಿಲ್ಲ ಅಜ್ಜಿ" ಅಂದೆ.

"ಎಲ್ಲಿ ಹುಡುಕ್ತಿದ್ದೆ ಎರಡು ದಿನ?"

"ಕಡಲೆಕಾಯಿ ಹೊಲದಲ್ಲಿ."

ಅಜ್ಜಿ ಬಾಗಿಲ ಕಡೆ ನೋಡಿದರು. ಮಾವ ಹೊರಗೆ ಹಸು ಕಟ್ತಿದ್ದರು. "ಅದು ಅಲ್ಲಿ ಎಲ್ಲೈತೋ" ಅಂದರು, ದನಿ ತಗ್ಗಿಸಿ. "ಗಣಿ ಮುಚ್ಚಿದ ವರ್ಷ ನಾವು ಹಾಲು ಹಾಕ್ತಿದ್ದ ಮನೆಗಳೆಲ್ಲ ಬಾಕಿ ನಿಂತವು. ಇಪ್ಪತ್ತು ವರ್ಷ ಹಾಲು ಕುಡಿದ ಮನೆಗಳು. ಅವರ ಮನೇಲೇ ಒಲೆ ಹೊತ್ತಿಲ್ಲ, ಕೇಳೋದು ಹೆಂಗೆ? ನಿಮ್ಮ ತಾತ ಬೂಸಾ ಅಂಗಡಿಯವನಿಗೆ ಕೊಡಬೇಕಿತ್ತು, ರಾತ್ರಿಯೆಲ್ಲ ಎದ್ದು ಕೂರೋರು. ಒಂದು ಓಲೆ ಗಿರವಿ ಅಂಗಡೀಲಿ ಇಟ್ಟೆ. ಆಮೇಲೆ ಇನ್ನೊಂದನ್ನೂ ಇಟ್ಟೆ. ಇಟ್ಟೆ ಅಂದ್ರೆ ಅವರು ಬಿಡಿಸೋಕೆ ಇನ್ನೊಂದು ಸಾಲ ಮಾಡೋರು. ಬಿದ್ದುಹೋಯ್ತು ಅಂದೆ."

"ದುಡ್ಡು ಎಲ್ಲಿಂದ ಬಂತು ಅಂತ ತಾತ ಕೇಳಲಿಲ್ವಾ?"

"ಚೀಟಿ ಎತ್ತಿದೆ ಅಂದೆ."

"ಮತ್ತೆ ಒಂದು ವಾರ ಮಣ್ಣು ಜರಡಿ ಹಿಡಿದ್ರಂತೆ?"

"ಹಿಡಿದ್ರು. ನಾನೂ ಜೊತೇಲಿ ಕೂತು ಹಿಡಿದೆ."

ತಾತ ಹೋಗಿ ಹನ್ನೆರಡು ವರ್ಷ ಆಯಿತು. ಮಾವನಿಗೆ ಹೇಳಬೇಡ ಅಂದರು, ಅದಕ್ಕೇ ಇಲ್ಲಿ ಊರಿನಲ್ಲಿ ಇನ್ನೂ ಯಾವ ಹೊಲ, ಯಾವ ಮನೆ ಅಂತ ಬರೆದಿಲ್ಲ. ಲಾಳವನ್ನು ಬಾಗಿಲಿಗೆ ಹೊಡೆಯೋಣ್ವಾ ಅಂತ ಕೇಳಿದೆ. ಹೊಡೆಯೋದು ಕುದುರೆದಂತೆ, ಎತ್ತಿನದಲ್ಲವಂತೆ. ಹುಣಸೆಹಣ್ಣಿನ ಮಡಕೆಯ ಮುಚ್ಚಳ ಗಾಳಿಗೆ ಹಾರದ ಹಾಗೆ ಅದರ ಮೇಲೆ ಇಟ್ಟುಕೊಂಡರು. ಯಂತ್ರ ಅಟ್ಟದ ಮೇಲಿದೆ, ಬ್ಯಾಟರಿ ತೆಗೆದಿಟ್ಟಿದ್ದೀನಿ.